ಮಂಗಳವಾರದ ಹಿಮ

ದೊಡ್ಡಮ್ಮಾ,

ನನ್ನ ಕೆಮ್ಮು ನಿಂತಿದೆ. ಬೆವರು ಬಸಿಯೋ ಈ ಊರಲ್ಲಿ ಒಂದು ಕಡೆ ಮಾತ್ರ ಹಿಮ ಬೀಳುತ್ತೆ, ಉಪಗ್ರಹದ ಚಿತ್ರದಲ್ಲಿ ನಾನೇ ಕಂಡುಹಿಡಿದೆ ಅಂತ ಬೀಗಿದ್ದೆನಲ್ಲ? ಹೋದ ವಾರ ಥರ್ಮಾಮೀಟರ್ ಹಿಡಿದು ನೋಡೋಕೆ ಹೋದರೆ, ಅದು ಆಸ್ಪತ್ರೆಯ ಬಟ್ಟೆ ಒಗೆಯುವವಳ ತಾರಸಿ! ಉಪಗ್ರಹ ಹಾದುಹೋಗೋ ಮಂಗಳವಾರವೇ ಆಕೆ ಬಿಳಿ ಚಾದರಗಳನ್ನು ಹರವೋದು. ಮೂರು ವರ್ಷದ ಪಿಎಚ್‌ಡಿ ನೀರಲ್ಲಿ ಹೋಮ ಮಾಡಿದ ಹಾಗಾಯ್ತು ಅಂತ ಪ್ರೊಫೆಸರ್ ಹತ್ತಿರ ಅತ್ತೆ. ಅವರು ಗಡ್ಡ ನೀವಿಕೊಂಡು, "ಪ್ರಬಂಧ ಅಚ್ಚಾಗೋವರೆಗೂ ಆಕೆ ವಾರ ತಪ್ಪಿಸದ ಹಾಗೆ ನೋಡ್ಕೋ" ಅಂದರು.

ಇವತ್ತು ಮಂಗಳವಾರ, ಆಕೆಗೆ ಜ್ವರ. ತಾರಸಿಯಲ್ಲಿ ನಾನೇ ಚಾದರ ಹರವಿದ್ದೀನಿ. ಹಿಮ ಸಾಲಲಿಲ್ಲ, ನೀನು ಕೊಟ್ಟ ಬಿಳಿ ಹೊದಿಕೆಯನ್ನೂ ಹಾಸಿದೆ. ಉಪಗ್ರಹ ಬರೋ ಹೊತ್ತಾಯ್ತು, ನಾನು ಪಕ್ಕಕ್ಕೆ ಸರೀಬೇಕು.

ನಿನ್ನ ಮೊಂಡಿ