ಬ್ರೇಕ್ ಹಿಡಿಯುತ್ತಿತ್ತು

ಮನೆಯಿಂದ,
ಮಾರ್ಚ್ ೯, ಶನಿವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬಲಭುಜದ ನೋವು ಕಡಿಮೆಯಾಯಿತೇ, ಅಥವಾ ಈಗಲೂ ಎಡಗೈಯಲ್ಲೇ ತಲೆ ಬಾಚಿಕೊಳ್ಳುತ್ತೀಯಾ? ಅಕ್ಷರ ನೋಡಿದ ಕೂಡಲೇ ನಿನಗೆ ಗೊತ್ತಾಗಿರಬೇಕು, ನಾನು ಹೇಳುತ್ತಿದ್ದೇನೆ, ನಿನ್ನ ಅತ್ತಿಗೆ ಬರೆಯುತ್ತಿದ್ದಾಳೆ. ನನಗೀಗ ಓದಲು ಬರೆಯಲು ಆಗುವುದಿಲ್ಲ. ಗೋಡೆ, ಕಿಟಕಿ, ಬಾಗಿಲು ಕಣ್ಣಂಚಿನಲ್ಲಿ ಕಾಣುತ್ತವೆ. ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಎದುರಿಗೆ ಕೂತವರ ಮುಖದ ಜಾಗದಲ್ಲಿ ಬರೀ ಮಬ್ಬು. ಇದು ಮತ್ತೆ ಸರಿಹೋಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ನಿನ್ನ ಮೂರು ವರ್ಷದ ಮೌನಕ್ಕೆ ನಾನು ದೂರುವುದಿಲ್ಲ. ಬರೆಯಬೇಕಾಗಿದ್ದವನು ನಾನು.

ಆ ಸಂಜೆಯ ಮಾತು ಹೇಳಿಬಿಡುತ್ತೇನೆ. ನಾನು ಬಸ್ಸು ಓಡಿಸಿಕೊಂಡು ಬರುತ್ತಿದ್ದಾಗ ಮಾರುಕಟ್ಟೆಯ ಇಳಿಜಾರಿನಲ್ಲಿ ಆ ಹೆಂಗಸು ರಸ್ತೆ ದಾಟುತ್ತಿದ್ದಳು. ನನಗೆ ಅವಳು ಕಾಣಲೇ ಇಲ್ಲ. ಸದ್ದು ಕೇಳಿದ ಮೇಲೆ ಬ್ರೇಕ್ ತುಳಿದೆ. ಬಸ್ಸು ತಿರುಗಿ ಗೋಡೆಗೆ ಗುದ್ದಿತು, ಬ್ರೇಕಿನ ಪೈಪು ಒಡೆಯಿತು. ಮೊದಲೇ ಒಡೆದಿತ್ತೋ ಗುದ್ದಿದ ಮೇಲೆ ಒಡೆಯಿತೋ ಎಂದು ಯಾರಿಗೂ ಹೇಳಲಾಗಲಿಲ್ಲ. ಅಷ್ಟೇ ಸಾಕಾಯಿತು ನನಗೆ. ಹಿಂದಿನ ದಿನ ಡಿಪೋದಲ್ಲಿ ಆ ಬಸ್ಸಿನ ಬ್ರೇಕ್ ಕೆಲಸ ಮಾಡಿ ಸಹಿ ಹಾಕಿದ ಮೆಕ್ಯಾನಿಕ್ ನೀನು. ನನ್ನ ಒಡಹುಟ್ಟಿದವನು ಅಂತಲೂ ನೋಡದೆ, ಬ್ರೇಕ್ ಹಿಡಿಯಲಿಲ್ಲ ಎಂದುಬಿಟ್ಟೆ. ಡಿಪೋ ನಿನ್ನನ್ನು ಹೊರಗೆ ಹಾಕಿತು. ನೀನು ನನ್ನ ಹತ್ತಿರ ಬಂದು ಆಡಿದ್ದು ಒಂದೇ ಮಾತು: “ಅಣ್ಣಾ, ಬ್ರೇಕ್ ಹಿಡೀತಿತ್ತು. ಅದು ನಿನಗೂ ಗೊತ್ತು.”

ಗೊತ್ತಿತ್ತು. ಅದಕ್ಕೂ ಒಂದು ವರ್ಷ ಮೊದಲಿನಿಂದ ಕಣ್ಣು ಮಂಜಾಗುತ್ತಿತ್ತು. ಡಿಪೋದ ಕಣ್ಣಿನ ಪರೀಕ್ಷೆಗೆ ಬೋರ್ಡಿನ ಅಕ್ಷರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದೂ ತಪ್ಪಿಲ್ಲದೆ ಒಪ್ಪಿಸಿದ್ದಕ್ಕೆ, ಹದ್ದಿನ ಕಣ್ಣು ಕಣ್ರೀ ನಿಮ್ಮದು ಅಂದರು ಆ ಮಹಾರಾಯರು. ನಿನ್ನ ಅತ್ತಿಗೆಗೆ ಇದರ ಗಂಧಗಾಳಿಯೂ ಇರಲಿಲ್ಲ.

ಆಮೇಲೆ ಎಲ್ಲರ ಮೇಲೂ ಗೂಬೆ ಕೂರಿಸಿದೆ. ಕಣ್ಣು ಹೋದದ್ದಕ್ಕೆ ಇಂಜಿನ್ನಿನ ಕಾವು, ಡಿಪೋದ ಧೂಳು, ಡಾಕ್ಟರ ಹನಿಮದ್ದು. ಯಾರೂ ಸಿಗದಿದ್ದರೆ ನಿನ್ನ ಶಾಪ. ಪ್ರತಿ ಭಾನುವಾರ ಚರ್ಚಿನಲ್ಲಿ ಮಂಡಿಯೂರಿ, ಕರ್ತನೇ, ನನ್ನ ತಮ್ಮನ ಮನಸ್ಸು ತಿರುಗಿಸು ಎಂದು ಬೇಡುತ್ತಿದ್ದೆ. ಕಳೆದ ತಿಂಗಳು ಪಾಸ್ಟರ್ ಮನೆಗೆ ಬಂದಾಗಲೂ ಅದನ್ನೇ ಹೇಳಿದೆ. ಅವರು ಕೇಳಿಸಿಕೊಂಡು, “ನೀವು ತಮ್ಮನಿಗೋಸ್ಕರ ಪ್ರಾರ್ಥನೆ ಮಾಡ್ತಾ ಇದೀರೋ, ದೇವರ ಹತ್ರ ಅವನ ಮೇಲೆ ದೂರು ಕೊಡ್ತಾ ಇದೀರೋ?” ಅಂದರು. ಆಮೇಲೆ ಪ್ರಾರ್ಥನೆಗೆ ಕೂತರೆ ನಾಲಗೆ ಏಳಲಿಲ್ಲ. ಹತ್ತು ದಿನ ಹಾಗೇ ಕಳೆಯಿತು. ಕೊನೆಗೆ ಬಾಯಿಂದ ಬಂದದ್ದು ಇಷ್ಟೇ: ಅವಳನ್ನು ಕೊಂದವನು ನಾನು ಸ್ವಾಮಿ.

ಗುರುವಾರ ಡಿಪೋ ಮ್ಯಾನೇಜರ್ ಎದುರು ಎಲ್ಲ ಹೇಳಿದೆ. ಬರೆದುಕೊಂಡರು. ನಿನ್ನ ಹೆಸರಿನ ಮೇಲಿನ ಕಳಂಕ ತೆಗೆಯುತ್ತಾರಂತೆ. ಸೋಮವಾರ ನಾನು ಪೊಲೀಸ್ ಠಾಣೆಗೆ ಹೋಗಬೇಕು. ಗುರುವಾರವೇ ಡಿಪೋದಿಂದ ನೇರ ಆ ಹೆಂಗಸಿನ ಗಂಡನ ಅಂಗಡಿಗೆ ಹೋದೆ. ಇಸ್ತ್ರಿ ಮಾಡುತ್ತಿದ್ದ. ಪೂರ್ತಿ ಕೇಳಿಸಿಕೊಂಡು, “ಈಗ ಬಂದು ಹೇಳಿದ್ರೆ ನಾನೇನ್ ಮಾಡ್ಲಿ?” ಅಂದ. ಅವನು ಮುಂದಿನ ಅಂಗಿ ಹಾಸಿಕೊಂಡ. ಅವನ ಮುಖ ಹೇಗಿತ್ತೋ ನನಗೆ ಕಾಣಲಿಲ್ಲ.

ತಪ್ಪು ಒಪ್ಪಿಕೊಂಡರೆ ಎದೆ ಹಗುರಾಗುತ್ತದೆ ಎಂದು ಚರ್ಚಿನಲ್ಲಿ ಪಾಸ್ಟರ ಎಷ್ಟೋ ಪ್ರಸಂಗಗಳಲ್ಲಿ ಕೇಳಿದ್ದೆ. ನನಗೆ ಹಾಗಾಗಲಿಲ್ಲ ಕಣೋ. ಬೆಳಿಗ್ಗೆ ಎದ್ದರೆ ಅದೇ ಭಾರ, ಅದೇ ಮಬ್ಬು. ಆದರೂ ಪ್ರಾರ್ಥನೆ ಬಿಟ್ಟಿಲ್ಲ. ದೇವರು ಕೇಳುತ್ತಿದ್ದಾನೋ ಇಲ್ಲವೋ ತಿಳಿಯದು. ಬೇರೆಯವರ ಹೆಸರು ಮಾತ್ರ ಈಗ ನನ್ನ ಬಾಯಿಗೆ ಬರುವುದಿಲ್ಲ. ನೀನು ಬಾ ಎಂದು ಕರೆಯುವ ಮುಖವೂ ನನಗಿಲ್ಲ.

ಆಶೀರ್ವಾದ ಮಾಡುವ ಯೋಗ್ಯತೆ ನನ್ನದಲ್ಲ. ಕರ್ತನೇ ನಿನ್ನನ್ನು ಕಾಯಲಿ.

ನಿನ್ನ
ಅಣ್ಣ

ವಿ.ಸೂ.: ತಮ್ಮಾ, ಇದು ನಾನು, ಅತ್ತಿಗೆ. ನಾನು ವಿಳಾಸ ಬರೆಯುತ್ತಿದ್ದೇನೆ ಅಂದುಕೊಂಡು ನಿಮ್ಮಣ್ಣ ಎದುರಿಗೇ ಕೂತಿದ್ದಾರೆ. ನನಗೆ ಗಂಧಗಾಳಿಯೂ ಇರಲಿಲ್ಲ ಅಂತ ಬರೆಸಿದ್ದು ನನ್ನನ್ನು ಉಳಿಸುವುದಕ್ಕೆ. ಡಿಪೋಗೆ ಹೋಗಿ ಆ ಬೋರ್ಡಿನ ಸಾಲುಗಳನ್ನು ಚೀಟಿಗೆ ಇಳಿಸಿಕೊಂಡು ಬಂದವಳು ನಾನು. ಅವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಒಪ್ಪಿಸಿಕೊಂಡವಳೂ ನಾನೇ. ನೀನು ಪೆಟ್ಟಿಗೆ ಹಿಡಿದು ಹೊರಟ ದಿನ ಬಾಗಿಲಲ್ಲಿ ನಿಂತು, ಕೆಲಸದ ಮೇಲೆ ಸ್ವಲ್ಪ ಗಮನ ಇರಬೇಕಿತ್ತು ಕಣೋ ಅಂದೆನಲ್ಲ, ಆಗಲೂ ನನಗೆ ಎಲ್ಲ ಗೊತ್ತಿತ್ತು. ಸೋಮವಾರ ಠಾಣೆಯಲ್ಲಿ ನಾನೂ ಹೇಳುತ್ತೇನೆ. ಅವರಿಗೆ ಇನ್ನೂ ತಿಳಿಸಿಲ್ಲ. ಇಷ್ಟು ಹೊತ್ತು ಏನು ಬರೀತಿದ್ದೀಯ ಅಂತ ಈಗ ಎರಡನೇ ಸಲ ಕೇಳಿದರು.