ಎರಡನೇ ಗುಹೆಯ ಬೆಳಕು

ಮಾರ್ಚ್ 8, ಶುಕ್ರವಾರ

ಎರಡನೇ ಗುಹೆಗೆ ಬಿಸಿಲು 10.20ರಿಂದ 11.05. ಬಸ್ ಎರಡು, ಜನ ತೊಂಬತ್ತಾರು. ಕೋಟೆ, ಕೆರೆ ದಂಡೆಯ ದೇವಸ್ಥಾನ ಮುಗಿಸಿ ಇಲ್ಲಿಗೆ ಬರುವಷ್ಟರಲ್ಲಿ ಅರ್ಧ ಜನಕ್ಕೆ ಕಾಲುನೋವು.

ಒಳಗೆ ಟಾರ್ಚ್ ನಿಷೇಧ, ಗೋಡೆ ಮೇಲಿನ ಹಳೇ ಚಿತ್ರಗಳ ಬಣ್ಣ ಹೋಗುತ್ತದೆ. ಹಾಗಾಗಿ ಅಂಗಳದಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೋಡೆಗೆ ತಿರುಗಿಸುವುದು ನನ್ನ ಕೆಲಸ. ಕಥೆ ಹೇಳುವುದು ಭಾವ, ಅಕ್ಕನ ಗಂಡ. ಅವರು “ಸಾಕು” ಅನ್ನುವವರೆಗೆ ಕನ್ನಡಿ ಅಲುಗಬಾರದು. ಹನ್ನೊಂದು ವರ್ಷ. ಒಮ್ಮೆಯೂ ಅಲುಗಿಲ್ಲ.

ಪಾರ್ಕಿಂಗ್‌ನಲ್ಲಿ ಡ್ರೈವರಿಗೂ ಪೋಸ್ಟ್‌ಕಾರ್ಡ್ ಮಾರುವವನಿಗೂ ಹೊಡೆದಾಟ. ಡ್ರೈವರನ ಹಲ್ಲು ಉದುರಿತು. ಹುಡುಕಿ ಕೊಟ್ಟೆ. ಥ್ಯಾಂಕ್ಸ್ ಅನ್ನಲಿಲ್ಲ.

ಮಾರ್ಚ್ 10, ಭಾನುವಾರ

ಮೇಷ್ಟ್ರು ಮತ್ತೆ ಬಂದರು. ರಿಟೈರಾದ ಇತಿಹಾಸದ ಮೇಷ್ಟ್ರು. ಭಾನುವಾರ ಊರಿಂದ ಜನ ಕರೆತಂದು ಪುಕ್ಕಟೆ ತೋರಿಸುತ್ತಾರೆ. ಇವತ್ತು ನಲವತ್ತೆರಡು ಜನ. ಗೈಡ್‌ಗಳೆಲ್ಲ ಖಾಲಿ ಕೂತಿದ್ದರು.

ಭಾವನಿಗೆ ಹೇಗೋ ಒಂದು ಕುಟುಂಬ ಸಿಕ್ಕಿತ್ತು. ಗೋಡೆಯ ಹೆಂಗಸನ್ನು ತೋರಿಸಿ, ಸವತಿ ಕೊಟ್ಟ ವಿಷ ಕುಡಿಯುತ್ತಿರುವ ರಾಣಿ ಎಂದರು. ಹಿಂದಿನಿಂದ ಮೇಷ್ಟ್ರು —

“ರಾಣಿ ಅಲ್ಲಪ್ಪಾ, ಬಾಗಿಲು ಕಾಯೋಳು. ಅದು ವಿಷದ ಬಟ್ಟಲಲ್ಲ, ದೀಪ.”

ಎಲ್ಲರೂ ನಕ್ಕರು. ಕುಟುಂಬ ಮೇಷ್ಟ್ರ ಹಿಂದೆ ಹೋಯಿತು. ಭಾವ ಮೇಷ್ಟ್ರ ಕೊರಳಪಟ್ಟಿ ಹಿಡಿದರು.

“ನಮ್ಮ ಹೊಟ್ಟೆ ಮೇಲೆ ಹೊಡೀತೀರೇನ್ರೀ?”

“ಹೊಟ್ಟೆ ನಿಮ್ದು ಸರಿ. ಸುಳ್ಳು ಯಾಕ್ರೀ ಗೋಡೆ ಮೇಲೆ?”

ಕೆನ್ನೆಗೆ ಬಿತ್ತು. ಕನ್ನಡಕ ಎರಡು ತುಂಡು. ಮೇಷ್ಟ್ರು ಬಗ್ಗಿ ಆರಿಸಿಕೊಂಡು, “ಮುಂದಿನ ವಾರ ಬರ್ತೀನಿ” ಎಂದು ಹೋದರು.

ಮಾರ್ಚ್ 17, ಭಾನುವಾರ

10.40. ಮೇಷ್ಟ್ರು ಒಬ್ಬರೇ ಮೊದಲು ಬಂದರು, ಜನ ಇನ್ನೂ ದೇವಸ್ಥಾನದಲ್ಲಿ. ಅವರ ಹಿಂದೆ ಭಾವ, ಇನ್ನಿಬ್ಬರು ಗೈಡ್‌ಗಳು ಒಳಗೆ ಹೋದರು. ಭಾವ ಕೂಗಿದರು, “ಬೆಳಕು!”

ತಿರುಗಿಸಿದೆ. ಮಾತಿಗೆ ಮಾತು ಬೆಳೆಸಲು ಹೋದರು ಅಂದುಕೊಂಡಿದ್ದೆ.

ಟಿಕೆಟ್ ಸಾಲಿನ ಕಬ್ಬಿಣದ ಪೈಪು. ಮೊದಲ ಏಟು ಬಲಗೈಗೆ. ಮೂಳೆ ಮುರಿದದ್ದು ಅಂಗಳಕ್ಕೆ ಕೇಳಿಸಿತು. ಎರಡನೆಯದು ಭುಜಕ್ಕೆ. ಆಮೇಲೆ ತಲೆಗೆ. ಇಬ್ಬರು ಹಿಡಿದಿದ್ದರು, ಹೊಡೆದವರು ಭಾವ. ಒಟ್ಟು ಏಳು. ಎಲ್ಲ ಸ್ಪಷ್ಟವಾಗಿ ಕಂಡೆ, ಯಾಕೆಂದರೆ ಬೆಳಕು ನನ್ನ ಕೈಯಲ್ಲಿತ್ತು. ಕೈ ಅಲುಗಲಿಲ್ಲ. ಇಳಿಸಬಹುದು ಎಂಬುದೇ ಹೊಳೆಯಲಿಲ್ಲ…

“ಸಾಕು” ಅಂದರು. ಇಳಿಸಿದೆ.

ಸಂಜೆ ಅಕ್ಕ ಕೇಳಿದಳು, “ಯಾರೋ ಮೆಟ್ಟಿಲಿಂದ ಬಿದ್ರಂತೆ?”

“ಹ್ಞೂಂ.”

“ಬಿದ್ದಿದ್ದು ಅವರು. ನಿಮ್ಮ ಭಾವನ ಅಂಗಿ ಕಲೆ ಯಾಕೋ ಮೂರು ನೀರಿಗೂ ಹೋಗ್ಲಿಲ್ಲ.”

ಮಾರ್ಚ್ 18, ಸೋಮವಾರ

ಇನ್‌ಸ್ಪೆಕ್ಟರ್ ಬಂದರು. ಎಲ್ಲರದೂ ಒಂದೇ ಹೇಳಿಕೆ: ಒಳಗೆ ಕತ್ತಲು, ಜಾರಿ ಬಿದ್ದರು.

“ನೀನು?”

“ಕತ್ತಲಿತ್ತು ಸಾರ್.”

ಭಾವ ಊಟಕ್ಕೆ ಎರಡು ಸಲ ಬಡಿಸಿಕೊಂಡರು.

ಮಾರ್ಚ್ 23, ಶನಿವಾರ

ನಾಲ್ಕು ದಿನ ಬರೆದಿಲ್ಲ. ಮೇಷ್ಟ್ರ ಮಗಳು ಗುಹೆಗೆ ಬಂದಿದ್ದಳು.

“ಅಪ್ಪನಿಗೆ ಪ್ರಜ್ಞೆ ಬಂದಿದೆ. ಬೆಳಕಿತ್ತು, ಮೂವರನ್ನೂ ನೋಡ್ದೆ ಅಂತಾರೆ. ತಲೆಗೆ ಪೆಟ್ಟಾಗಿದೆ, ಅವರ ಸಾಕ್ಷಿ ಕೋರ್ಟಲ್ಲಿ ನಿಲ್ಲಲ್ಲ ಅಂತಾರೆ ಪೊಲೀಸರು. ಸೋಮವಾರ ಕೇಸು ಮುಚ್ತಾರಂತೆ. ಯಾರಾದ್ರೂ ಒಬ್ರು ಹೇಳ್ರಣ್ಣ.”

“ಪಾಪ, ಪೆಟ್ಟು ಬಿದ್ರೆ ಕಣ್ಮುಂದೆ ಮಿಂಚೋದು ಸಹಜ ಕಣಮ್ಮ,” ಎಂದರು ಭಾವ. ಗೈಡ್‌ಗಳು ನಕ್ಕರು. ನಾನೂ ಹಲ್ಲು ಕಿರಿದೆ. ಆಮೇಲೆ ಅವಳು ಮೆಟ್ಟಿಲಿಳಿದು ಹೋಗುವವರೆಗೆ ಗೋಡೆಯ ಹಿಂದೆ ನಿಂತೆ.

ಮಾರ್ಚ್ 25, ಸೋಮವಾರ, ಮಧ್ಯಾಹ್ನ 1.00

ಬೆಳಿಗ್ಗೆಯೇ ಸ್ಟೇಷನ್‌ಗೆ ಹೋಗಿ ಇನ್‌ಸ್ಪೆಕ್ಟರನ್ನು ಕರೆತಂದೆ. 10.40ಕ್ಕೆ ಅವರನ್ನು ಒಳಗೆ ನಿಲ್ಲಿಸಿ ಕನ್ನಡಿ ಹಿಡಿದೆ. ಅವರು ನೋಟ್‌ಬುಕ್ ತೆರೆದು ಓದಿದರು.

“ಒಂದೊಂದು ಅಕ್ಷರಾನೂ ಕಾಣತ್ತಲ್ಲಯ್ಯಾ. ಆವತ್ತು ಹಿಡಿದಿದ್ದು ಯಾರು?”

“ನಾನೇ ಸಾರ್.”

ಮೂವರ ಹೆಸರನ್ನೂ ಹೇಳಿದೆ. ಮೊದಲು ಭಾವ. ಅವರು ಅಂಗಳದ ಆ ತುದಿಯಲ್ಲೇ ನಿಂತಿದ್ದರು. ಗೈಡ್‌ಗಳಿಬ್ಬರು ಸಿಕ್ಕಿಬಿದ್ದರು. ಭಾವ ಗುಡ್ಡ ಹತ್ತಿ ತಪ್ಪಿಸಿಕೊಂಡರು.

ಸಂಜೆ 4.20

ಅಕ್ಕ ಕಪಾಳಕ್ಕೆ ಹೊಡೆದಳು. “ನಿನ್ನ ಸಾಕಿದ ಮನೆಗೇ ಬೆಂಕಿ ಇಟ್ಯಲ್ಲೋ!” ಎಂದಳು. ಮತ್ತೊಮ್ಮೆ ಹೊಡೆದಳು. ಆಮೇಲೆ ನೀರು ತಂದು ಕೊಟ್ಟಳು.

4.50

ಭಾವ ಬಾಗಿಲಲ್ಲಿ ಇದ್ದಾರೆ. ಒದೆಯುತ್ತಿದ್ದಾರೆ. “ಹೊರಗೆ ಬಾರೋ ಲೋಫರ್! ನಿನ್ನ ಕೈ ಮುರೀತೀನಿ!” ಸ್ಟೇಷನ್‌ಗೆ ಫೋನ್ ಮಾಡಿದೆ, ಜೀಪು ಹೊರಟಿದೆ ಎಂದರು. ಇಪ್ಪತ್ತು ನಿಮಿಷದ ದಾರಿ. ಕೈ ನಡುಗುತ್ತಿದೆ, ಬರೆದರೆ ಸ್ವಲ್ಪ ನಿಲ್ಲುತ್ತದೆ…

ಬಾಗಿಲ ಹಲಗೆ ಸೀಳಿತು. ಅಕ್ಕ ಎದ್ದಳು. ನನ್ನ ಕಡೆ ನೋಡಲಿಲ್ಲ. ಅಗುಳಿ ತೆಗೆದಳು. ತೆಗೆದು, ತಾನೇ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು.

“ಮೊದಲು ನನ್ನ ಹೊಡೀರಿ.”

ಹೊಡೆದ ಸದ್ದು. ಅಕ್ಕನ ಕೂಗು. ನಾನು ಹೊರಗೆ ಹೋಗುತ್ತೇ—