ಗಾಳಿಯ ನೆಪ

ಕಿಥಿರಾ ದ್ವೀಪ, ಸೋಮವಾರ

ಪ್ರೀತಿಯ ಚಿಕ್ಕಮ್ಮ,

ನಿಮ್ಮ ಅಕ್ಕ ಸಿನಿಮಾದಲ್ಲಿ ನಟಿಸಿಬಿಟ್ಟಳು! ಬಂದದ್ದು ನಮ್ಮ ಚಿತ್ರತಂಡಕ್ಕೆ ಅಡುಗೆ ಮಾಡಲು. ತಾಯಿಯ ಪಾತ್ರದವಳು ಹಡಗು ತಪ್ಪಿಸಿಕೊಂಡದ್ದರಿಂದ, ನಿರ್ದೇಶಕಿ, ನನ್ನ ಸಂಗಾತಿ ಮೆಲ್ಪೊ, ನಮ್ಮಮ್ಮನನ್ನೇ ಅಂಜೂರದ ಮರದಡಿ ಕೂರಿಸಿದಳು. ಮಗಳ ಪಾತ್ರದ ನೆಫೆಲಿ, "ಅಮ್ಮಾ, ನಾನು ಪ್ರೀತಿಸ್ತಿರೋದು ಒಬ್ಬ ಹುಡುಗೀನ" ಎಂದಳು. ಅಮ್ಮ ಅವಳನ್ನು ತಬ್ಬಿಕೊಂಡು, ದೃಷ್ಟಿಯಾಗದಂತೆ ಥೂ ಥೂ ಥೂ ಎಂದು ಉಗಿದು, "ಯಾರಾದ್ರೇನು, ನನ್ನ ಹೊಟ್ಟೇಲಿ ಹುಟ್ಟಿದ್ದು ನೀನೇ ಅಲ್ವೇನೇ" ಎಂದಳು.

ನೆಫೆಲಿ ಹೇಳಿದ್ದನ್ನೇ ಅಂದು ಸ್ವಂತ ಮಗಳು ನಾನು ಹೇಳಿದಾಗ ಎದ್ದು ಬಾಗಿಲು ಹಾಕಿಕೊಂಡವಳು ಇದೇ ಅಮ್ಮ! ಇಂದಿಗೂ ನನ್ನೊಡನೆ "ಉಪ್ಪು ಸಾಕಾ?" ಎಂಬುದರಾಚೆ ಮಾತಿಲ್ಲ. ಮೈಕು ಹಿಡಿದು ನಿಂತಿದ್ದ ನನಗೆ ನೆಫೆಲಿಯ ಜುಟ್ಟು ಹಿಡಿದು ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. "ಗಾಳಿ ಸದ್ದು ಸೇರ್ಕೊಂಡಿದೆ, ಇನ್ನೊಂದ್ಸಲ" ಎಂದೆ. ಅದಾದ ಮೇಲೆ ಮತ್ತೊಂದು ಸಲ.

ಅಮ್ಮನ ಮಂಡಿನೋವಿನ ಮುಲಾಮು ಮುಗಿದಿದೆ, ಶುಕ್ರವಾರದ ಹಡಗಿನಲ್ಲಿ ಕಳಿಸಿ. ಕಾರ್ಡಿನಲ್ಲಿ ಜಾಗವೂ ಮುಗಿಯುತ್ತಿದೆ. ಕೊನೆಯ ಸಲ ಅಮ್ಮ ಮರವನ್ನು ನೋಡಿ, ನನ್ನನ್ನು ನೋಡಿ, "ಒಂದೆಲೆಯೂ ಅಲ್ಲಾಡ್ತಿಲ್ವಲ್ಲೇ" ಎಂದಳು. ಆದರೂ ಆ ಮಾತನ್ನು ಮತ್ತೆ ಹೇಳಿದಳು. ತಬ್ಬಿಕೊಂಡದ್ದು ಮಾತ್ರ ನೆಫೆಲಿಯನ್ನೇ.

ನಿಮ್ಮ ಅರ್ಗಿರೋ